ಸಿನಿಮಾದಲ್ಲಿ ಇಲ್ಲದ ತಾಯಿ

ಟಿಕೋಟಾ
೧೨ ಫೆಬ್ರುವರಿ ೨೦೨೫

ಪ್ರೀತಿಯ ವಿಶಾಖಾ,

ನಿನ್ನ ಹಸೀನಾಳ ಸಲಾಮು. ಚಳಿ ಮುಗಿಯುವ ಮೊದಲೇ ಬರೆಯಬೇಕೆಂದಿದ್ದೆ, ಕೂತರೆ ಕೈ ಓಡಲಿಲ್ಲ. ತಡವಾಗಿದ್ದಕ್ಕೆ ಬೈದುಕೋ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇಲ್ಲೇ ಬಬಲೇಶ್ವರದಲ್ಲಿ ಇರುವವಳ ಕ್ಷೇಮವನ್ನು ಅಂಚೆಯಲ್ಲಿ ಕೇಳುವ ಹಾಗಾಯಿತು ನೋಡು.

ಹೋದ ರವಿವಾರ ಮಗಳು ಶಾಹೀನ ನನ್ನನ್ನು ವಿಜಯಪುರಕ್ಕೆ ಸಿನಿಮಾಕ್ಕೆ ಎಳೆದುಕೊಂಡು ಹೋದಳು. ನಮ್ಮ ಕಾದಂಬರಿಯನ್ನೇ ಸಿನಿಮಾ ಮಾಡಿದ್ದಾರೆ. ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವಾಗ ನೀನು ಓದಿ ಹೇಳುತ್ತಿದ್ದೆಯಲ್ಲ, ಅದೇ. ನೀನು ಓದಲೆಂದು ನಿನ್ನ ಪಾಲಿನ ಬುಟ್ಟಿಯನ್ನು ನಾವೆಲ್ಲ ಹಂಚಿಕೊಂಡು ಆರಿಸುತ್ತಿದ್ದೆವು. ಮಾಲಕ ಬಂದರೆ ಪುಸ್ತಕ ದ್ರಾಕ್ಷಿಯ ಕೆಳಗೆ. ಗ್ರಂಥಾಲಯಕ್ಕೆ ಮರಳಿಸುವಾಗ ಪುಟಗಳೆಲ್ಲ ಅಂಟಿಕೊಂಡಿದ್ದವು.

ನಾಯಕ ಚೆಂದ ಇದ್ದಾನೆ, ಸುಳ್ಳೇಕೆ ಹೇಳಲಿ. ಹಗ್ಗ ಹಿಡಿದು ಕೋಟೆಯ ಗೋಡೆಯಿಂದ ಗೋಡೆಗೆ ಹಾರುತ್ತಾನೆ, ಒಂದೇ ಕತ್ತಿಯಲ್ಲಿ ಇಡೀ ದಂಡನ್ನು ಮಲಗಿಸುತ್ತಾನೆ, ಕೂದಲು ಮಾತ್ರ ಕೆದರುವುದಿಲ್ಲ. ಆದರೆ ಪುಸ್ತಕದಲ್ಲಿ ಅವನ ಜೊತೆ ಕಂದಕ ಈಜುವ ಗೆಳೆಯನೇ ಇದರಲ್ಲಿ ಇಲ್ಲ. ಹಾಗಾಗಿ ಆ ಗೆಳೆಯ ಸಾಯುವುದೂ ಇಲ್ಲ, ನಾಯಕ ಅವನ ಕತ್ತಿ ಹೊತ್ತು ಅವನ ತಾಯಿಯ ಮನೆಗೆ ಬರುವುದೂ ಇಲ್ಲ. ಆ ಪುಟವನ್ನು ನೀನು ನಮಗೆ ಎರಡು ಸಲ ಓದಿದ್ದೆ. ತಾಯಿ ಏನೂ ಕೇಳದೆ ಅವನಿಗೆ ಮೊದಲು ರೊಟ್ಟಿ ಬಡಿಸುತ್ತಾಳೆ. ಅವನು ತುತ್ತು ನುಂಗಲಾರದೆ ಎಲ್ಲ ಹೇಳುತ್ತಾನೆ. ನಾನು ಅದನ್ನು ನೋಡಲೆಂದೇ ಹೋಗಿದ್ದೆ. ಇವರು ಕೊನೆಗೆ ಕುದುರೆ, ಹಾಡು, ಮದುವೆ ಮಾಡಿ ಮುಗಿಸಿದರು.

ಲೈಟು ಹತ್ತಿದ ಮೇಲೂ ನಾನು ಏಳಲಿಲ್ಲ.

"ಅಮ್ಮೀ, ಮುಗೀತ, ಏಳು. ನಕ್ಕೋತ ಹೋಗೂ ಸಿನಿಮಾಕ್ಕ ಯಾಕ ಅಳಾಕತ್ತಿ?" ಎಂದಳು ಶಾಹೀನ.

"ಆ ತಾಯಿನ್ನ ತಗದ ಬಿಟ್ಟಾರ, ಬೇಟಾ."

ಅವಳು ಬಸ್ಸಿನಲ್ಲಿ ಟಿಕೋಟಾ ಬರುವವರೆಗೂ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.

ನಿನ್ನ ಮಗ ಸಮ್ಯಕನ ಮುರಿದ ಕಾಲು ಕೂಡಿದೆಯೆಂದು ನಿಮ್ಮೂರಿನ ಶಾಂತಪ್ಪಣ್ಣ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಮನೆಯವರಿಗೆ ಹೇಳಿದರಂತೆ. ಕೇಳಿ ಸಮಾಧಾನವಾಯಿತು. ಅಲ್ಲಾಹ್ ಅವನಿಗೆ ದೀರ್ಘಾಯುಷ್ಯ ಕೊಡಲಿ, ನಿನ್ನ ಮಡಿಲು ತಣ್ಣಗಿರಲಿ.

ನಿನ್ನ
ಹಸೀನಾ

ತಾ.ಕ.: ವಿಶಾಖಾ, ಆ ದಿನ ಬೈಕು ಯಾರು ಓಡಿಸುತ್ತಿದ್ದರೆಂದು ನಾನು ಕೇಳುವುದಿಲ್ಲ. ನನ್ನ ಜಹೀರನ ಮಣ್ಣಿಗೆ ನೀವು ಯಾಕೆ ಬರಲಿಲ್ಲ ಎಂದೂ ಕೇಳುವುದಿಲ್ಲ. ಆ ರಸ್ತೆಯಲ್ಲಿ ಕೊನೆಗೆ ಅವನ ಹತ್ತಿರ ಇದ್ದವನು ಸಮ್ಯಕ ಒಬ್ಬನೇ. ನನ್ನ ಮಗ ನೀರು ಕೇಳಿದನೋ, ನನ್ನನ್ನು ಕರೆದನೋ, ಅವನಿಗೊಬ್ಬನಿಗೇ ಗೊತ್ತು. ಅವನನ್ನು ಕಳಿಸು. ಬಂದ ಕೂಡಲೇ ಹೇಳಬೇಕೆಂದಿಲ್ಲ. ಮೊದಲು ರೊಟ್ಟಿ ಬಡಿಸುತ್ತೇನೆ.