ಕೊಗ್ಲೈಯ ಅಳತೆ ಹಲಗೆ

ಕೊಗ್ಲೈ, ಸಿಂಬು ಪ್ರಾಂತ್ಯ
14 ಆಗಸ್ಟ್ 2019

ಪ್ರೀತಿಯ ತಂಗಿ ಗೆರ್ಟಾ,

ನಿನ್ನ ಮೂರು ಕಾಗದಗಳೂ ಬಂದಿವೆ. ಉತ್ತರ ಬರೆಯದ ಅಕ್ಕನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಲೇ ಪಟ್ಟಣದ ಮೀನಿನ ಕಾರ್ಖಾನೆಯಲ್ಲಿ ನಿಂತೂ ನಿಂತೂ ನಿನ್ನ ಕಾಲು ಬಾತಿದೆ ಎಂದು ಓದಿ ಸಂಕಟವಾಯಿತು. ರಾತ್ರಿ ಬಿಸಿನೀರಲ್ಲಿ ಕಾಲಿಟ್ಟುಕೋ.

ಇಲ್ಲಿ ನಡೆದದ್ದನ್ನು ಕೇಳು. ಫೆಬ್ರವರಿಯಲ್ಲಿ ನರ್ಸ್ ವಿಲ್ಮಾ ಮಕ್ಕಳ ಎತ್ತರ ನೋಡುವ ಒಂದು ಅಳತೆ ಹಲಗೆ ತಂದು, ಅಳೆಯುವುದನ್ನು ನಮಗೇ ಕಲಿಸಿದಳು. ಇಗರ್ಜಿಯ ಅಂಗಳದಲ್ಲಿ ಮೂವತ್ತೊಂದು ಮಕ್ಕಳನ್ನು ಅಳೆದೆವು. ಹದಿನೇಳು ಮಕ್ಕಳು ವಯಸ್ಸಿಗೆ ತಕ್ಕಷ್ಟು ಬೆಳೆದಿರಲಿಲ್ಲ. ಹೊಟ್ಟೆ ತುಂಬ ಗೆಣಸು ತಿನ್ನುವ ಮಕ್ಕಳು! ನಾವೇ ಬೆಳೆದ ಶೇಂಗಾ, ನಮ್ಮ ಕೋಳಿಗಳ ಮೊಟ್ಟೆ ಎಲ್ಲ ಕುಂಡಿಯಾವಾ ಸಂತೆಗೆ ಕಳಿಸುತ್ತಿದ್ದೆವಲ್ಲ.

ನಮ್ಮ ಕುಲದ ಮುಖಂಡ ಕೌಪಾ ನಕ್ಕುಬಿಟ್ಟ. "ನಾವು ಗುಡ್ಡದ ಜನ, ಕುಳ್ಳಗಿರೋದೇ ನಮ್ಮ ರಕ್ತ. ಒಂದು ಹಲಗೆ ಮಾತು ಕೇಳ್ತೀರಲ್ಲ" ಅಂದ.

ನಾನು ಕೇಳಿದೆ: "ಅಣ್ಣಾ, ನಿನ್ನ ಹಂದಿಮರಿ ಬೆಳೀಲಿಲ್ಲ ಅಂದ್ರೆ ರಕ್ತ ಅಂತೀಯೋ, ಮೇವು ಸಾಲ್ದು ಅಂತೀಯೋ?"

ಗಂಡಸರೇ ನಕ್ಕರು. ಅವನು ಮುಖ ಗಂಟಿಕ್ಕಿಕೊಂಡು ಎದ್ದುಹೋದ.

ನಾವು ಹೆಂಗಸರು ಅಲ್ಲೇ ಕುಳಿತು ತೀರ್ಮಾನಿಸಿದೆವು. ಪ್ರತಿ ತೋಟದಲ್ಲೂ ಎರಡು ಸಾಲು ಶೇಂಗಾ ಮಕ್ಕಳದು. ಮೊಟ್ಟೆ ಸಂತೆಗಿಲ್ಲ. ದಿನಾ ಬೆಳಿಗ್ಗೆ ಸರದಿಯಂತೆ ಇಬ್ಬರು ತಾಯಂದಿರು ಗೆಣಸು, ಅರೆದ ಶೇಂಗಾ, ಕುಂಬಳದ ಕುಡಿ, ಮೊಟ್ಟೆ ಸೇರಿಸಿ ಬೇಯಿಸಿ ಚಿಕ್ಕಮಕ್ಕಳಿಗೆ ತಿನ್ನಿಸುವುದು.

ಮುಂದಿನ ಸಂತೆಯ ದಿನ ಕೌಪಾ ಲಾರಿಯ ಹತ್ತಿರ ನಿಂತು ಹೆಂಡತಿ ರೆಜಿನಾಳ ಮೊಟ್ಟೆಯ ಬುಟ್ಟಿಗೆ ಕೈಹಾಕಿದ. ಅವಳು ಬಿಡಲಿಲ್ಲ.

"ಇವು ಪಾಪೂಗೆ. ಲಾರಿಗಲ್ಲ" ಅಂದಳು.

ಅವನು ಕೈ ಎತ್ತಿದ. ನಾವು ಹನ್ನೊಂದು ಜನ ಹೋಗಿ ಅವಳ ಸುತ್ತ ನಿಂತೆವು. ಅವನು ಕೈ ಇಳಿಸಿದ. ಲಾರಿಯವನು ಕಾದು ಕಾದು ಹೊರಟುಹೋದ. ಕೌಪಾ ಎರಡು ವಾರ, ಊರ ಗಂಡಸರೆಲ್ಲ ಸೇರುವ ಗಂಡಸರ ಮನೆಯಲ್ಲೇ ಉಂಡು ಮಲಗಿದ. ರೆಜಿನಾ ಮಾತ್ರ ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ.

ಹೋದ ವಾರ ಮತ್ತೆ ಅಳೆದೆವು. ಎರಡು ವರ್ಷದೊಳಗಿನ ಒಂಬತ್ತು ಕೂಸುಗಳಲ್ಲಿ ಆರು ಚೆನ್ನಾಗಿ ಚಿಗುರಿಕೊಂಡಿವೆ. ರೆಜಿನಾಳ ಮಗಳನ್ನು ಹಲಗೆಯ ಮೇಲೆ ಮಲಗಿಸಿದಾಗ ಹಿಂದಿನಿಂದ ಕೌಪಾನ ದನಿ: "ಕಾಲು ನೆಟ್ಟಗೆ ಹಿಡ್ಕೊಳ್ರೇ, ಕಮ್ಮಿ ಬರೆದುಬಿಟ್ಟೀರಿ." ಯಾರೂ ನಗಲಿಲ್ಲ. ಕಷ್ಟಪಟ್ಟು ತಡೆದುಕೊಂಡೆವು. ಉಳಿದ ಮೂರು ಕೂಸುಗಳ ಮನೆಗೆ ನಾಳೆಯಿಂದ ನಾನೇ ಹೋಗುತ್ತೇನೆ. ಪಕ್ಕದ ಹಳ್ಳಿಯವರೂ ಹಲಗೆ ಕೇಳಿದ್ದಾರೆ. ಕಲಿಸದೆ ಬಿಡುವುದಿಲ್ಲ.

ದೇವರು ನಿನ್ನ ಕೈಕಾಲಿಗೆ ಬಲ ಕೊಡಲಿ, ನಿನ್ನ ದಾರಿ ಕಾಯಲಿ.

ನಿನ್ನ ಅಕ್ಕ,
ಅಪೊಲೋನಿಯಾ

ಮರೆತದ್ದಲ್ಲ, ಬರೆಯಲಾಗದೆ ಉಳಿದದ್ದು: ಮೂರು ಕಾಗದದಲ್ಲೂ ನೀನು ನಿನ್ನ ಮಗಳು ಎಲ್ಸಿ ಹೇಗಿದ್ದಾಳೆಂದು ಕೇಳಿದ್ದೀಯೆ. ಫೆಬ್ರವರಿಯಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಿದ್ದವಳು ಅವಳೇ. ನೀನು ಎಂಟು ತಿಂಗಳ ಕೂಸನ್ನು ನನ್ನ ಮಡಿಲಿಗೆ ಹಾಕಿ ಲೇಗೆ ಹೋದೆ. ನಾನು ಗೆಣಸು ಕೊಟ್ಟು ಮಲಗಿಸಿ, ಮೊಟ್ಟೆಯನ್ನು ನೆಂಟರಿಗೆ ಬಡಿಸಿದೆ. ಮೊದಲ ಎರಡು ವರ್ಷದಲ್ಲಿ ಕಳೆದದ್ದು ಪೂರ್ತಿ ಮರಳಿ ಬರುವುದಿಲ್ಲವೆಂದಳು ವಿಲ್ಮಾ. ಈಗ ದಿನಾ ಮೊದಲ ತಟ್ಟೆ ಅವಳದೇ. ಅವಳಿಗೆ ಐದು ತುಂಬಿತು, ಗೆರ್ಟಾ. ಕ್ರಿಸ್‌ಮಸ್‌ಗೆ ಬಟ್ಟೆ ತರುವುದಾದರೆ ಮೂರು ವರ್ಷದ ಮಗುವಿನ ಅಳತೆಯದು ತಾ.