ಕೆರೆದಂಡೆಯ ಪರಿಚಯಸ್ಥರು

ಮಕ್ಕಳ ಅಪ್ಪನವರಿಗೆ,

ನಿನ್ನೆ ರಜೆಯೆಂದು ನಮ್ಮೆಲ್ಲರನ್ನೂ ಕೆರೆದಂಡೆಗೆ ಕರೆದುಕೊಂಡು ಹೋದಿರಿ. ಬಸ್ಸಿನ ಹಂಗಿಲ್ಲ, ಟಿಕೆಟ್ಟಿನ ಕಾಟವಿಲ್ಲ, ಮಕ್ಕಳ ಕುಣಿತಕ್ಕೆ ಎಣೆಯಿಲ್ಲ! "ನಾನೂ ಇದೇ ಮೊದಲು ನೋಡ್ತಿರೋದು ಕಣೇ" ಎಂದಿರಿ. ನಂಬಿದೆ.

ಹಾಗಾದರೆ ಗೇಟಿನ ಕಾವಲುಗಾರ, "ಏನ್ ಸಾರ್, ಇವತ್ತು ಸಂಸಾರ ಸಮೇತ ಬಂದ್ಬಿಟ್ರಿ?" ಎಂದು ನಕ್ಕದ್ದೇಕೆ? ಇವರಿಗಿಲ್ಲಿ ಯಾವಳೋ ಜೊತೆಗಾತಿಯಿದ್ದಾಳೆ, ಪೊದೆಯ ಮರೆಯಿಂದ ಇನ್ನೇನು ಬಂದಾಳು ಎಂದು ಕಣ್ಣು ನೆಟ್ಟು ಕುಳಿತೆ. ಬಂದದ್ದು ಬಾತುಕೋಳಿಗಳ ದಂಡು! ಮಂಡಕ್ಕಿ ಹಿಡಿದು ಕರೆಯುತ್ತಿದ್ದ ಮಕ್ಕಳನ್ನು ಬಿಟ್ಟು, ನೇರ ನಿಮ್ಮ ಬಳಿಗೆ ಬಂದು, ಪ್ಯಾಂಟಿನ ಜೇಬಿಗೇ ಕೊಕ್ಕು ಚಾಚಿದವು. ನೀವು ಬೆವರಿದಿರಿ.

ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿಯುವ ಗಂಡಸಿಗೆ ಇಷ್ಟೊಂದು ಸಲಿಗೆಯ ಬಳಗ ಕೆರೆಯಲ್ಲಿ ಎಲ್ಲಿಂದ ಬಂತು? ಕೆಲಸ ಹೋಗಿದೆಯೇ? ಕಾರ್ಖಾನೆಗೆ ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ಹೇಳುವುದಿದ್ದರೆ ನಿಮ್ಮ ಬಾಯಿಂದಲೇ ಬರಲಿ.

ಒಂದೇ ಕೋರಿಕೆ. ನಾಳೆ ಮಕ್ಕಳು ಶಾಲೆಗೆ ಹೋದ ಮೇಲೆ ಕೆಲಸಕ್ಕೆಂದು ಹೊರಡುತ್ತೀರಲ್ಲ, ಆಗ ನನ್ನನ್ನೂ ಕರೆದುಕೊಂಡು ಹೋಗಿ. ಎಲ್ಲಿಗೆಂದು ದಾರಿಯಲ್ಲಿ ಕೇಳುವುದಿಲ್ಲ.

ಇಂತಿ,
ನಿಮ್ಮ ಮನೆಯವಳು