ಓದುವವರು ಹೊರಗೆ, ಪುಸ್ತಕ ಒಳಗೆ

ಗ್ರಂಥಾಲಯಗಳ ಮೇಲ್ವಿಚಾರಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮೂರ ಗ್ರಂಥಾಲಯದಲ್ಲಿ ಮಕ್ಕಳು ನಗುತ್ತಾರೆ ಎಂಬ ಗುರುತರ ಆರೋಪದ ಮೇಲೆ ತಾವು ಹೊರಡಿಸಿದ ಆದೇಶ ಬಾಗಿಲಿಗೆ ಅಂಟಿ ತಿಂಗಳಾಯಿತು. ಹತ್ತು ವರ್ಷದೊಳಗಿನವರು ಒಳಗೆ ಬರುವಂತಿಲ್ಲ; ಮಕ್ಕಳ ಪುಸ್ತಕಗಳು ಹೊರಗೆ ಹೋಗುವಂತಿಲ್ಲ. ಮಕ್ಕಳ ಪುಸ್ತಕಗಳನ್ನು ಮಕ್ಕಳಿಂದ ಕಾಪಾಡಿದ ತಮ್ಮ ಮುಂದಾಲೋಚನೆಗೆ ಮೊದಲು ಕೈಮುಗಿಯುತ್ತೇನೆ. ಇದೇ ರೀತಿ ರೋಗಿಗಳು ಬರದಂತೆ ತಡೆದರೆ ಆಸ್ಪತ್ರೆಯ ಹಾಸಿಗೆಗಳು ಎಷ್ಟು ಚೊಕ್ಕಟವಾಗಿರುತ್ತವೆ ಎಂದು ಯಾರಾದರೂ ಯೋಚಿಸಿದ್ದಾರೆಯೇ?

ತಾವು ತಪಾಸಣೆಗೆ ಬಂದ ದಿನ ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಮಗಳು ಮೋನಿಕಾ, ಮೂರನೇ ತರಗತಿ. ನಗಿಸಿದವರು ನನ್ನ ಮಾವ ಚಿತ್ರಲಿಂಗಪ್ಪ. ಬುದ್ಧಿ ಬಂದಾಗಿನಿಂದ ಕುರಿ ಕಾದವರು, ಅಕ್ಷರ ಬಾರದು. ಹೋದ ವರ್ಷ ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಅವರ ದನಿಯೇ ಅಡಗಿತ್ತು. ಕರೆದರೆ ಬಂದು ಉಣ್ಣುವರು, ಎದ್ದು ಹೋಗುವರು, ಅಷ್ಟೇ. ಒಂದು ಭಾನುವಾರ ಮೋನಿಕಾ ಅವರ ಕೈ ಹಿಡಿದು ಗ್ರಂಥಾಲಯಕ್ಕೆ ಎಳೆದೊಯ್ದು, ತೋಳ ಮತ್ತು ಕುರಿಮರಿಯ ಕಥೆಯೊಂದನ್ನು ಓದಿದಳು. ಮಾವನಿಗೆ ತಡೆಯಲಾಗಲಿಲ್ಲ.

"ತೋಳ ಇಷ್ಟೊತ್ತು ಮಾತಾಡ್ತಾ ನಿಂತೈತಲ್ಲ, ಕುರಿ ಕಾಯೋನು ಎಲ್ಲಿ ಹಾಳಾಗಿ ಹೋದ?"

"ಪುಸ್ತಕದಾಗೆ ಅವ್ನು ಇಲ್ಲ ತಾತ."

"ಇಲ್ಲ ಅಂದ್ರೆ ಹೆಂಗೆ? ನಾನು ಬಂದೆ ಅಂತ ಓದು."

ಮಗು ಹಾಗೇ ಓದಿತು. ಚಿತ್ರಲಿಂಗಪ್ಪ ಬಂದರು, ತೋಳ ಓಡಿತು. ಅಂದಿನಿಂದ ಯಾವ ಕಥೆಯಲ್ಲಿ ಕುರಿ ಕಂಡರೂ ಹಿಂದೆಯೇ ನಮ್ಮ ಮಾವ ಕಂಬಳಿ ಹೊದ್ದು ಹಾಜರು. ಉಳಿದ ಮಕ್ಕಳೂ ಸುತ್ತ ಸೇರತೊಡಗಿದವು. ಮಾವ ಮನೆಗೆ ಬಂದು ಅದನ್ನೆಲ್ಲ ನನಗೆ ಹೇಳುತ್ತ, ಮರೆತು ಇನ್ನೊಂದು ಮುದ್ದೆ ಹಾಕಿಸಿಕೊಳ್ಳುವರು. ತಾವು ಬಾಗಿಲಲ್ಲಿ ನಿಂತಾಗ ಅವರು ಚಂದ್ರಲೋಕದಲ್ಲಿ ಕುರಿ ಮೇಯಿಸುತ್ತಿದ್ದರು. ಆ ನಗುವಿಗೆ ಕಾರಣ ಇಷ್ಟೇ.

ಆದೇಶ ಬಂದ ವಾರ ಗ್ರಂಥಪಾಲಕ ರಘುನಾಥ್ ನಮ್ಮನ್ನು ಬಾಗಿಲಲ್ಲೇ ತಡೆದರು. "ನಾನೇನ್ ಮಾಡ್ಲಿ ಚೈತ್ರಮ್ಮ, ಮೇಲಿಂದ ಬಂದೈತೆ," ಎಂದು ತಲೆ ತಗ್ಗಿಸಿದರು. ಮೋನಿಕಾ ಅಳತೊಡಗಿದಳು. ಮಾವ ಆದೇಶವನ್ನು ಪೂರ್ತಿ ಓದಿಸಿ ಕೇಳಿದರು.

"ನಾನು ಒಳಗೆ ಹೋಗ್ಬೋದೇನಪ್ಪ?"

"ಹೋಗ್ಬೋದು, ಬರ್ರಿ."

"ಮಕ್ಕಳ ಪುಸ್ತಕ ಮುಟ್ಬೋದಾ?"

"ಒಳಗಿದ್ರೆ ಮುಟ್ಬೋದು."

ಮಾವ ಒಳಗೆ ಹೋಗಿ ಕಿಟಕಿಯ ಪಕ್ಕ ಕುಳಿತು, ಪುಸ್ತಕ ತೆರೆದು ಸರಳುಗಳಿಗೆ ಒತ್ತಿ ಹಿಡಿದರು. ಹೊರಗೆ ಕಲ್ಲು ಹತ್ತಿ ನಿಂತ ಮೋನಿಕಾ ಕಣ್ಣೊರೆಸಿಕೊಂಡು, "ತಾತ, ತಲೆಕೆಳಗಾಗೈತೆ," ಎಂದಳು. ತಿರುಗಿಸಿದರು. ಓದು ಶುರುವಾಯಿತು.

ಈಗ ಭಾನುವಾರ ಬಂತೆಂದರೆ ಕಿಟಕಿಗಳು ಹೆಚ್ಚುಕಡಿಮೆ ಭರ್ತಿ. ಒಳಗೆ ಅಜ್ಜ ಅಜ್ಜಿಯರು ಪುಸ್ತಕ ಹಿಡಿದಿರುತ್ತಾರೆ. ಅವರಿಗೆ ಕಿವಿ ಮಂದವಾದ್ದರಿಂದ ಮಕ್ಕಳು ಹೊರಗಿನಿಂದ ಕೂಗಿ ಓದುತ್ತವೆ. ಮೊದಲು ನಾಲ್ಕು ಗೋಡೆಯೊಳಗಿದ್ದ ನಗು ಈಗ ಬಸ್ ಸ್ಟ್ಯಾಂಡಿಗೂ ಕೇಳುತ್ತದೆ. ತಮ್ಮ ಆದೇಶದ ಒಂದಕ್ಷರವನ್ನೂ ನಾವು ಮುರಿದಿಲ್ಲ. ಶಿಸ್ತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಆದರೆ ಮಾನ್ಯರೇ, ಒಳಗೆ ಕುಳಿತು ಪುಸ್ತಕ ಹಿಡಿಯಲು ಯಾರೂ ಇಲ್ಲದ ಮಕ್ಕಳೂ ಇವೆ. ಕಾವ್ಯ ಎಂಬ ಪುಟ್ಟಿಯ ಅಪ್ಪ ಅಮ್ಮ ಭಾನುವಾರವೂ ಈರುಳ್ಳಿ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಹೋದ ವಾರ ಅವಳು ಖಾಲಿ ಕಿಟಕಿಯೊಂದರ ಮುಂದೆ ಸುಮ್ಮನೆ ನಿಂತಿದ್ದಳು. ಅದನ್ನು ಕಂಡ ಮಾವ ಅವಳನ್ನೂ ಕರೆದು, ಎರಡು ಕೈಯಲ್ಲಿ ಎರಡು ಪುಸ್ತಕ ಹಿಡಿದರು. ಸ್ವಲ್ಪ ಹೊತ್ತಿಗೇ ತೋಳುಗಳು ನಡುಗತೊಡಗಿದವು. ಕಥೆ ಮುಗಿಯುವ ತನಕ ಅವರು ಇಳಿಸಲಿಲ್ಲ. ಇದನ್ನು ಬರೆಯುವಾಗ ನನಗೆ ವ್ಯಂಗ್ಯ ಕೈಕೊಡುತ್ತಿದೆ, ಕ್ಷಮಿಸಿ.

ಆದ್ದರಿಂದ ಆದೇಶವನ್ನು ಹಿಂತೆಗೆದುಕೊಳ್ಳಿ. ಮಕ್ಕಳನ್ನು ಒಳಗೆ ಬಿಡಿ, ಪುಸ್ತಕಗಳನ್ನು ಮನೆಗೆ ಕಳಿಸಿ. ಅದು ಆಗದಿದ್ದರೆ ಬರುವ ಭಾನುವಾರ ತಾವೇ ದಯಮಾಡಿಸಿ. ತಮಗೆ ಹತ್ತು ವರ್ಷ ತುಂಬಿರುವುದರಿಂದ ಒಳಗೆ ಕೂರಲು ಅಡ್ಡಿಯಿಲ್ಲ. ಕಾವ್ಯಳ ಕಿಟಕಿ ಖಾಲಿಯಿದೆ. ಹಾಳೆ ಯಾವಾಗ ಮಗುಚಬೇಕೆಂದು ಅವಳೇ ಹೇಳುತ್ತಾಳೆ.

ಇಂತಿ,
ತಮ್ಮ ಆದೇಶ ಪಾಲಿಸಿ ಪಾಲಿಸಿ ಬಿಸಿಲಿಗೆ ಕಂದಿದ ತಾಯಿ,
ಚೈತ್ರಾ
ಹಿರಿಯೂರು ತಾಲ್ಲೂಕು